ಸ್ಪ್ಯಾನಿಷ್ ಟೇಬಲ್ ಬಾಯಿಗೆ ಬಂದಿದೆ, ಮಾತು ಬರ್ತಿಲ್ಲ: ಕ್ರಿಯಾಪದಕ್ಕೆ ದಾರಿ ಯಾವುದು?

ಸಂಜೆ_ಪಾಳಿ

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಷ್ ಮೊದಲ ಹಂತದ ತರಗತಿ ಮುಗಿದಿದೆ. ಆರ್, ಏರ್, ಈರ್ ಅಂತ ಕೊನೆಯಾಗೋ ಮೂರೂ ಗುಂಪಿನ ಕ್ರಿಯಾಪದಗಳ ಟೇಬಲ್ ಕೇಳಿದ್ರೆ ಗಿಣಿಪಾಠ ಒಪ್ಪಿಸಬಹುದು. ಆದ್ರೆ ಮೆಕ್ಸಿಕೊ, ಕೊಲಂಬಿಯಾದವರ ಜೊತೆ ಫೋನಲ್ಲಿ ಎರಡು ಮಾತಾಡಬೇಕು ಅಂದ್ರೆ ಬೇಕಾದ ರೂಪ ಸಮಯಕ್ಕೆ ಸಿಗಲ್ಲ. ಮೂರು ಪ್ರಶ್ನೆ: ಮೊದಲು ಯಾವ ಕ್ರಿಯಾಪದ, ಎಷ್ಟು? 'ಇರು' ಅನ್ನೋದಕ್ಕೆ ಸೇರ್, ಎಸ್ತಾರ್ ಎರಡಿದೆಯಲ್ಲ, ಗೊಂದಲ ಬಿಡಿಸೋದು ಹೇಗೆ? ಭೂತಕಾಲ ಈಗಲೇ ಬೇಕಾ, ಮುಂದೂಡಬಹುದಾ?

ವಿಜಯನಗರ_ವ್ಯಾಕರಣ

ಉತ್ತರಕ್ಕೆ ಮೊದಲು ಬರೆಯೋ ಪದ್ಧತಿ ಒಂದು ಮಾಡ್ಕೊಳ್ಳೋಣ. ಸ್ಪ್ಯಾನಿಷ್‌ನಲ್ಲಿ ಒತ್ತು ಬೀಳೋ (ಅಂದ್ರೆ ಜೋರಾಗಿ ಹೇಳೋ) ಸ್ವರವನ್ನ ಕನ್ನಡದಲ್ಲಿ ದೀರ್ಘವಾಗಿ ಬರೀರಿ, ಉಳಿದದ್ದು ಹ್ರಸ್ವ. ಇದು ಶೋಕಿಗಲ್ಲ. ಆಬ್ಲೊ ಅಂದ್ರೆ 'ಮಾತಾಡ್ತೀನಿ'. ಅಬ್ಲೋ ಅಂದ್ರೆ 'ಅವನು ಮಾತಾಡಿದ'. ಅಕ್ಷರ ಅವೇ, ಒತ್ತು ಜಾಗ ಬದಲಿಸಿದ ಕೂಡಲೇ ಆಳೂ ಬದಲು, ಕಾಲವೂ ಬದಲು. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗಲ್ಲ, ಹಾಗಾಗಿ ನಮ್ಮ ಕಿವಿ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಹ್ರಸ್ವ ದೀರ್ಘ ಮಾತ್ರ ನಮಗೆ ಚೆನ್ನಾಗಿ ಕೇಳುತ್ತೆ, ಅದನ್ನೇ ಬಳಸ್ಕೊಳ್ಳಿ. ಹ್ರಸ್ವ ಬರೆದ 'ಅ' ಕೂಡ ಬಾಯಿ ಬಿಟ್ಟೇ ಹೇಳಬೇಕು, ನುಂಗಬಾರದು.

ಇನ್ನೊಂದು: ಸ್ಪ್ಯಾನಿಷ್ ತ, ದ ನಮ್ಮ ತ, ದ ಹಾಗೆ ಹಲ್ಲಿಗೆ ತಾಗುತ್ತೆ. ಎರಡು ಸ್ವರದ ನಡುವಿನ ದ ಮಾತ್ರ ಇನ್ನೂ ಮೆತ್ತಗೆ. ಇಂಗ್ಲಿಷ್ ಅಕ್ಷರ ನೋಡಿ ಓದೋರು 'ಟೆಂಗೊ', 'ಪ್ಯುಡೊ' ಅಂತಾರೆ. ಕನ್ನಡದಲ್ಲಿ ಬರ್ಕೊಂಡ್ರೆ ತೇಂಗೊ, ಪ್ವೇದೊ ಅಂತ ನೆಟ್ಟಗೆ ಬರುತ್ತೆ.

ಈಗ ಮುಖ್ಯ ವಿಷಯ. ನೀವು ಹೇಳಿದ ತಡೆಗೆ ಹೆಚ್ಚಿನ ಪಾಲು ಕಾರಣ ಇಂಗ್ಲಿಷ್ ಮೂಲಕ ಸುತ್ತಿ ಹೋಗೋದು. ಮೆಜೆಸ್ಟಿಕ್‌ನಿಂದ ಗಾಂಧಿ ಬಜಾರಿಗೆ ಹೋಗೋಕೆ ಹೆಬ್ಬಾಳ ಸುತ್ತಿದ ಹಾಗೆ. ಕನ್ನಡದಲ್ಲಿ 'ಹೋಗ್ತೀನಿ' ಅಂದ್ರೆ ಸಾಕು, 'ನಾನು' ಬಾಲದಲ್ಲೇ ಇದೆ. ಸ್ಪ್ಯಾನಿಷ್ ಕೂಡ ಹಾಗೇ: ಬೋಯ್ ಅಂದ್ರೆ 'ಹೋಗ್ತೀನಿ', ಮುಗೀತು. ಪ್ರತಿ ವಾಕ್ಯಕ್ಕೂ 'ಯೋ' ಸೇರಿಸಿದ್ರೆ 'ನಾನು ಬರ್ತೀನಿ, ನಾನು ಹೇಳ್ತೀನಿ, ನಾನು ಮಾಡ್ತೀನಿ' ಅಂತ ಎದೆ ತಟ್ಟಿಕೊಂಡ ಹಾಗೆ ಕೇಳುತ್ತೆ. 'ಬೇರೆಯವರಲ್ಲ, ನಾನು' ಅನ್ನೋವಾಗ ಮಾತ್ರ ಯೋ.

ಬಾಲಗಳನ್ನ ಕನ್ನಡದ ಬಾಲದ ಪಕ್ಕ ಇಡಿ. ಮಾತಾಡ್ತೀನಿ: ಆಬ್ಲೊ. ಮಾತಾಡ್ತೀಯ: ಆಬ್ಲಸ್. ಮಾತಾಡ್ತಾನೆ, ಮಾತಾಡ್ತಾಳೆ, ಮಾತಾಡುತ್ತೆ: ಮೂರಕ್ಕೂ ಆಬ್ಲ. ಮಾತಾಡ್ತೀವಿ: ಅಬ್ಲಾಮೊಸ್. ಮಾತಾಡ್ತಾರೆ: ಆಬ್ಲನ್. ನೋಡಿ, ಲಿಂಗ ಅಲ್ಲಿ ಕ್ರಿಯಾಪದಕ್ಕೆ ಬರಲ್ಲ, ನಮಗಿಂತ ಹಗುರ. ಸ್ಪೇನ್‌ನಲ್ಲಿ 'ನೀವೆಲ್ಲ' ಅನ್ನೋಕೆ ಬೊಸೋತ್ರೊಸ್ ಅಬ್ಲಾಯ್ಸ್ ಅಂತ ಇನ್ನೊಂದು ರೂಪ ಇದೆ. ಲ್ಯಾಟಿನ್ ಅಮೆರಿಕದಲ್ಲಿ ಅದರ ಬದಲು ಉಸ್ತೇದೆಸ್ ಆಬ್ಲನ್. ನಿಮ್ಮ ಕೆಲಸಕ್ಕೆ ಬೊಸೋತ್ರೊಸ್ ಕೇಳಿ ಅರ್ಥವಾದ್ರೆ ಸಾಕು, ಹೇಳೋ ಅಭ್ಯಾಸ ಬೇಡ.

ಒಂದೇ ಎಚ್ಚರಿಕೆ: 'ಹೋಗ್ತಾನೆ' ಅನ್ನೋದಕ್ಕೆ ಅವರು 'ಬಾ' ಅಂತಾರೆ. ಕನ್ನಡದ ಕಿವಿಗೆ ಮೊದಲೆರಡು ದಿನ ತಮಾಷೆ.

ಬಸವನಗುಡಿ_ಬೆಂಚು

ಯಾವ ಕ್ರಿಯಾಪದ ಅನ್ನೋ ಪ್ರಶ್ನೆಗೆ ನನ್ನ ಉತ್ತರ: ಐದು ತಲೆ, ಇಪ್ಪತ್ತು ಬಾಲ. ಟೇಬಲ್ ಪಕ್ಕಕ್ಕಿಡಿ.

ಐದು ತಲೆ ಇವು.
ಕ್ಯೇರೊ: (ಮಾಡ)ಬೇಕು ಅಂತ ಆಸೆ.
ಪ್ವೇದೊ: (ಮಾಡೋಕೆ) ಆಗುತ್ತೆ.
ತೇಂಗೊ ಕೆ: (ಮಾಡ)ಲೇಬೇಕು.
ಬೋಯ್ ಅ: (ಮಾಡ)ತೀನಿ, ಮುಂದೆ.
ಮೆ ಗೂಸ್ತ: (ಮಾಡೋದು) ನನಗಿಷ್ಟ.

ಇವುಗಳ ಮುಂದೆ ಬರೋ ಎರಡನೇ ಕ್ರಿಯಾಪದ ಮೂಲರೂಪದಲ್ಲೇ ಇರುತ್ತೆ, ತಿದ್ದೋ ಹಾಗಿಲ್ಲ. ಯಮಾರ್ (ಫೋನ್ ಮಾಡು), ಅಬ್ಲಾರ್ (ಮಾತಾಡು), ಕೊಮೇರ್ (ತಿನ್ನು), ಸಲೀರ್ (ಹೊರಡು), ಮಂದಾರ್ (ಕಳಿಸು), ಎಸ್ಪೆರಾರ್ (ಕಾಯಿ), ಕೊಂಪ್ರಾರ್ (ಕೊಳ್ಳು), ತ್ರಬಹಾರ್ (ಕೆಲಸ ಮಾಡು), ಹೀಗೆ ದಿನ ಬಳಕೆಯ 20 ಆರಿಸ್ಕೊಳ್ಳಿ. 5 ತಲೆ, 20 ಬಾಲ, ಲೆಕ್ಕಕ್ಕೆ 100 ವಾಕ್ಯ. ತೇಂಗೊ ಕೆ ಸಲೀರ್, 'ಹೊರಡಬೇಕು'. ಬೋಯ್ ಅ ಯಮಾರ್, 'ಫೋನ್ ಮಾಡ್ತೀನಿ'. ನೀವು ತಿದ್ದಬೇಕಾಗಿರೋದು ತಲೆ ಮಾತ್ರ.

ಮಾಡೋ ಕ್ರಮ: ಮೊದಲ ವಾರ 'ನಾನು' ರೂಪ ಮಾತ್ರ. ಎರಡನೇ ವಾರ ಅದೇ ತಲೆಗಳನ್ನ ಎದುರಿನವರಿಗೆ ತಿರುಗಿಸಿ ಪ್ರಶ್ನೆ ಮಾಡಿ: ಕ್ಯೇರೆ? ಪ್ವೇದೆ? ತ್ಯೇನೆ ಕೆ? ಬಾ ಅ? ಲೆ ಗೂಸ್ತ? ಮೂರನೇ ವಾರ 'ನಾವು': ಕೆರೇಮೊಸ್, ಪೊದೇಮೊಸ್, ತೆನೇಮೊಸ್ ಕೆ, ಬಾಮೊಸ್ ಅ, ನೊಸ್ ಗೂಸ್ತ. ದಿನಕ್ಕೆ 15 ನಿಮಿಷ ಸಾಕು, ಆದ್ರೆ ಗಟ್ಟಿಯಾಗಿ ಹೇಳಬೇಕು. ಮನಸ್ಸಲ್ಲಿ ಹೇಳ್ಕೊಂಡದ್ದು ನಾಲಿಗೆಗೆ ಇಳಿಯಲ್ಲ. ಫೋನಲ್ಲಿ ಕನ್ನಡ ವಾಕ್ಯ ಹೇಳಿ, ಮೂರು ಸೆಕೆಂಡ್ ಖಾಲಿ ಬಿಟ್ಟು, ಸ್ಪ್ಯಾನಿಷ್ ಹೇಳಿ ರೆಕಾರ್ಡ್ ಮಾಡಿಟ್ಕೊಳ್ಳಿ. ಮೆಟ್ರೊದಲ್ಲಿ ಕೇಳ್ತಾ ಆ ಖಾಲಿ ಜಾಗದಲ್ಲಿ ನೀವು ಮೊದಲು ಹೇಳಬೇಕು. ಮೂರು ಸೆಕೆಂಡ್ ಸಾಲಲಿಲ್ಲ ಅಂದ್ರೆ ಆ ರೂಪ ಇನ್ನೂ ನಿಮ್ಮದಾಗಿಲ್ಲ ಅಂತ ಅರ್ಥ.

ಇನ್ನೊಂದು ತೊಡಕು ಪದಗಳ ಕ್ರಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಅಲ್ಲಿಯವರೆಗೂ ಯೋಚಿಸೋಕೆ ಸಮಯ ಇರುತ್ತೆ. ಸ್ಪ್ಯಾನಿಷ್‌ನಲ್ಲಿ ಬಾಯಿ ತೆರೆದ ಕೂಡಲೇ ಕ್ರಿಯಾಪದ ಬೇಕು. ತಡವರಿಸೋದು ಇಲ್ಲೇ. ಅದಕ್ಕೇ ತಲೆ ಅಂತ ಕರೆದಿದ್ದು: ವಾಕ್ಯದ ಮೊದಲ ಪದ ಇದು. 'ಅಲ್ಲ, ಇಲ್ಲ' ಕೂಡ ಕೊನೆಗಲ್ಲ, ಕ್ರಿಯಾಪದಕ್ಕಿಂತ ಮುಂಚೆ: ನೋ ಪ್ವೇದೊ ಸಲೀರ್. 'ಪ್ವೇದೊ ಸಲೀರ್ ನೋ' ಅಂತ ಕೊನೆಗೆ ಅಂಟಿಸಿದ್ರೆ ಎದುರಿನವರು ಅಷ್ಟರಲ್ಲಿ 'ಆಗುತ್ತೆ' ಅಂತಲೇ ತಿಳ್ಕೊಂಡಿರ್ತಾರೆ.

ಎಚ್ಎಸ್ಆರ್_ಗೂಬೆ

ಬೆಂಚು ಸರ್, ಐದು ತಲೆ ಒಪ್ಪಿದೆ. ಆದ್ರೆ ಕ್ಯೇರೊ ಯಾಕೆ ಕೆರೇಮೊಸ್ ಆಗುತ್ತೆ ಅನ್ನೋದನ್ನ ಹೇಳದೆ ಬಿಟ್ರಿ. ಬಾಯಿಪಾಠ ಮಾಡೋರು ಇಲ್ಲೇ ಎಡವೋದು.

ವಿಜಯನಗರದವರ ದೀರ್ಘದ ಪದ್ಧತಿ ಇಟ್ಕೊಂಡು ನೋಡಿ. ಕ್ಯೇರೊ, ಕ್ಯೇರೆಸ್, ಕ್ಯೇರೆ, ಕ್ಯೇರೆನ್: ಇವುಗಳಲ್ಲಿ ಒತ್ತು ಪದದ ಮೂಲದ ಮೇಲಿದೆ, ಆ ಭಾರಕ್ಕೆ 'ಕೆ' ಒಡೆದು 'ಕ್ಯೇ' ಆಗಿದೆ. ಕೆರೇಮೊಸ್‌ನಲ್ಲಿ ಒತ್ತು ಬಾಲಕ್ಕೆ ಜಾರಿತು, ಮೂಲಕ್ಕೆ ಭಾರ ಇಲ್ಲ, ಒಡೆಯಲಿಲ್ಲ. ಪ್ವೇದೊ/ಪೊದೇಮೊಸ್ ಕೂಡ ಅದೇ ಲೆಕ್ಕ. ಪೀದೊ/ಪೆದೀಮೊಸ್ (ಕೇಳಿ ಪಡೆಯೋದು) ಅಂಥದ್ದರಲ್ಲಿ ಎ ಹೋಗಿ ಇ ಬರುತ್ತೆ. ಯಾವುದು ಒಡೆಯುತ್ತೆ ಅನ್ನೋದು ಮೂಲರೂಪ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೆ ಹೊಸ ಕ್ರಿಯಾಪದ ಕಲಿಯುವಾಗ ಮೂಲರೂಪ, 'ನಾನು' ರೂಪ, ಎರಡನ್ನೂ ಜೋಡಿಯಾಗಿಯೇ ಕಲೀರಿ: ಪೊದೇರ್, ಪ್ವೇದೊ. ಪೆದೀರ್, ಪೀದೊ.

'ನಾನು' ರೂಪದಲ್ಲಿ ಮಾತ್ರ 'ಗೊ' ಬಾಲ ಬರೋ ಒಂದು ಗುಂಪಿದೆ: ತೇಂಗೊ, ಬೇಂಗೊ (ಬರ್ತೀನಿ), ಆಗೊ (ಮಾಡ್ತೀನಿ), ಪೋಂಗೊ (ಇಡ್ತೀನಿ), ಸಾಲ್ಗೊ (ಹೊರಡ್ತೀನಿ), ದೀಗೊ (ಹೇಳ್ತೀನಿ), ತ್ರಾಯ್ಗೊ (ತರ್ತೀನಿ). ಒಂದೇ ಉಸಿರಲ್ಲಿ ಹೇಳಿ ಕಲಿಯೋಕೆ ಚೆನ್ನಾಗಿದೆ. ತೇಂಗೊ ಮರೆತ್ರೆ ತೆಂಗು ನೆನೆಸ್ಕೊಳ್ಳಿ.

ಸಂಜೆ_ಪಾಳಿ

ಇದು ಯಾವ ಪುಸ್ತಕದಲ್ಲೂ ಹೀಗೆ ಸಿಗಲಿಲ್ಲ, ಧನ್ಯವಾದ. ಸೇರ್, ಎಸ್ತಾರ್? 'ಶಾಶ್ವತವಾದದ್ದು, ತಾತ್ಕಾಲಿಕವಾದದ್ದು' ಅಂತ ಹೇಳಿಕೊಟ್ಟಿದ್ದಾರೆ. ಸತ್ತವನಿಗೆ ಎಸ್ತಾರ್ ಯಾಕೆ ಅಂತ ಅಲ್ಲಿಗೇ ನಿಂತಿದೆ.

ವಿಜಯನಗರ_ವ್ಯಾಕರಣ

ಶಾಶ್ವತ, ತಾತ್ಕಾಲಿಕ ಅನ್ನೋ ಸೂತ್ರವನ್ನ ಮೊದಲು ಕಸದಬುಟ್ಟಿಗೆ ಹಾಕಿ. ಕನ್ನಡದಲ್ಲೇ ಇದಕ್ಕಿಂತ ಒಳ್ಳೆ ಪರೀಕ್ಷೆ ಇದೆ.

ಕನ್ನಡ ವಾಕ್ಯದಲ್ಲಿ 'ಇರು' ಇಲ್ಲದೇ ನಡೆಯುತ್ತಾ? ಹಾಗಾದ್ರೆ ಸೇರ್. 'ಅವರು ಡಾಕ್ಟರು': ಏಸ್ ಮೇದಿಕೊ. 'ನಾನು ಬೆಂಗಳೂರಿನವನು': ಸೋಯ್ ದೆ ಬೆಂಗಳೂರು. 'ನಾಳೆ ಸೋಮವಾರ': ಮಞಾನ ಏಸ್ ಲೂನೆಸ್. 'ಈಗ ಮೂರು ಗಂಟೆ': ಸೋನ್ ಲಸ್ ತ್ರೇಸ್. ಒಂದರಲ್ಲೂ ಕನ್ನಡದಲ್ಲಿ 'ಇದೆ' ಇಲ್ಲ.

'ಇದ್ದಾನೆ, ಇದೆ' ಬೇಕೇ ಬೇಕಾ? ಹಾಗಾದ್ರೆ ಎಸ್ತಾರ್. 'ಮನೇಲಿದ್ದಾರೆ': ಎಸ್ತಾ ಎನ್ ಕಾಸ. 'ಸುಸ್ತಾಗಿದ್ದಾಳೆ': ಎಸ್ತಾ ಕನ್ಸಾದ. 'ಅಂಗಡಿ ಮುಚ್ಚಿದೆ': ಲ ತ್ಯೇಂದ ಎಸ್ತಾ ಸೆರ್ರಾದ. ಸಾವೂ ಇದರಲ್ಲೇ ಬರುತ್ತೆ, ಸ್ವಾಮಿ: 'ಸತ್ತಿದ್ದಾನೆ', ಎಸ್ತಾ ಮ್ವೇರ್ತೊ. ಏನೋ ಆಗಿ ಈಗ ಈ ಸ್ಥಿತಿಯಲ್ಲಿದೆ ಅನ್ನೋದು ಮುಖ್ಯ, ಎಷ್ಟು ಕಾಲ ಇರುತ್ತೆ ಅನ್ನೋದಲ್ಲ.

ಸೋರೋ ಜಾಗ ಮೂರು. ಒಂದು, 'ಎತ್ತರವಾಗಿದ್ದಾನೆ', 'ಮನೆ ದೊಡ್ಡದಾಗಿದೆ' ಅಂತ ಗುಣಕ್ಕೂ ನಾವು 'ಇರು' ಹಚ್ತೀವಿ. ಅದನ್ನ 'ಎತ್ತರದವನು', 'ದೊಡ್ಡದು' ಅಂತ ತಿರುಗಿಸಿ ಹೇಳೋಕಾದ್ರೆ ಸೇರ್: ಏಸ್ ಆಲ್ತೊ, ಏಸ್ ಗ್ರಾಂದೆ. 'ಕಾಫಿ ಬಿಸಿಯಾಗಿದೆ' ಅನ್ನೋದನ್ನ 'ಕಾಫಿ ಬಿಸಿಯದು' ಅಂತ ತಿರುಗಿಸೋಕಾಗಲ್ಲ, ಅದಕ್ಕೆ ಎಸ್ತಾ ಕಲ್ಯೇಂತೆ. ಎರಡು, 'ಅವನೆಲ್ಲಿ?' ಅಂತ ಕನ್ನಡದಲ್ಲಿ 'ಇರು' ಬಿಡಬಹುದು, ಆದ್ರೂ ಜಾಗ ಕೇಳ್ತಿರೋದ್ರಿಂದ ಎಸ್ತಾರ್: ದೋಂದೆ ಎಸ್ತಾ? ಮೂರು, ಮೀಟಿಂಗು, ಹಬ್ಬ, ಮದುವೆ ಎಲ್ಲಿ ನಡೆಯುತ್ತೆ ಅನ್ನೋದಕ್ಕೆ ಸೇರ್: ಲ ಫ್ಯೇಸ್ತ ಏಸ್ ಎನ್ ಮಿ ಕಾಸ. ಕನ್ನಡದಲ್ಲಿ 'ಇದೆ' ಅನ್ನೋದರ ಬದಲು 'ನಡೆಯುತ್ತೆ' ಅಂತ ಹೇಳಬಹುದಾದ್ರೆ ಅದು ಈ ಗುಂಪು.

ಇದರ ಜೊತೆಗೆ ಆಯ್ ಅನ್ನೋ ಮೂರನೆಯವನಿದ್ದಾನೆ. 'ಇಲ್ಲಿ ಎಲ್ಲಾದ್ರೂ ಬಾತ್‌ರೂಮ್ ಇದೆಯಾ?' ಅಂತ ಇರೋದೇ ಅನುಮಾನ ಆದಾಗ ಆಯ್ ಉನ್ ಬಾಞೊ ಪೊರ್ ಅಕೀ? ಇದೆ ಅಂತ ಗೊತ್ತಿದ್ದು ಎಲ್ಲಿ ಅಂತ ಕೇಳುವಾಗ ದೋಂದೆ ಎಸ್ತಾ ಎಲ್ ಬಾಞೊ? ಆಯ್‌ಗೆ ಏಕವಚನ ಬಹುವಚನ ಭೇದವೂ ಇಲ್ಲ, ಒಂದಕ್ಕೂ ಆಯ್, ನೂರಕ್ಕೂ ಆಯ್. ಅದರ ಮುಂದೆ ಎಲ್, ಲ (ಇಂಗ್ಲಿಷಿನ 'ದ' ಥರದ ಪದಗಳು) ಹಚ್ಚಬೇಡಿ.

ಊಟದ ಬಗ್ಗೆ ಒಂದು ಮಾತು: ತಟ್ಟೆಯಲ್ಲಿರೋ ದೋಸೆಯನ್ನ ಹೊಗಳುವಾಗ ಎಸ್ತಾ ರೀಕ. ನಾವು 'ಚೆನ್ನಾಗಿದೆ' ಅನ್ನೋ ಹಾಗೇ.

ಎಚ್ಎಸ್ಆರ್_ಗೂಬೆ

ಈ ಕನ್ನಡದ ದಾರಿ ಬಗ್ಗೆ ಇಲ್ಲಿ ಎಲ್ಲರೂ ಹೊಗಳ್ತಿದ್ದಾರೆ, ನಾನು ಸ್ವಲ್ಪ ಉಪ್ಪು ಹಾಕ್ತೀನಿ. ಕನ್ನಡ ಕೈ ಕೊಡೋ ಜಾಗಗಳೂ ಇವೆ, ಅವನ್ನ ಮೊದಲೇ ತಿಳ್ಕೊಂಡ್ರೆ ಒಳ್ಳೇದು.

ಕೇಳು. ಕನ್ನಡದಲ್ಲಿ ಒಂದೇ ಪದ, ಸ್ಪ್ಯಾನಿಷ್‌ನಲ್ಲಿ ನಾಲ್ಕು. ಪ್ರಶ್ನೆ ಕೇಳೋದು ಪ್ರೆಗುಂತಾರ್. ವಸ್ತು, ಸಮಯ, ಸಹಾಯ ಕೇಳೋದು ಪೆದೀರ್. ಕಿವಿಗೊಟ್ಟು ಕೇಳೋದು ಎಸ್ಕುಚಾರ್. ಕಿವಿಗೆ ಬೀಳೋದು ಒಯೀರ್. ಫೋನಲ್ಲಿ 'ಸರಿಯಾಗಿ ಕೇಳಿಸ್ತಿಲ್ಲ' ಅಂದ್ರೆ ನೋ ಓಯ್ಗೊ ಬ್ಯೇನ್. ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿ.

ಬರ್ತೀನಿ. ಹೊರಡುವಾಗ ನಾವು 'ಬರ್ತೀನಿ' ಅಂತೀವಿ, 'ಹೋಗ್ತೀನಿ' ಅನ್ನೋದು ಅಪಶಕುನ. ಸ್ಪ್ಯಾನಿಷ್‌ನಲ್ಲಿ ಕಾಲ್ ಮುಗಿಸುವಾಗ ಬೇಂಗೊ ಅಂದ್ರೆ ಎಲ್ಲಿಗೆ ಬರ್ತೀಯಪ್ಪ ಅಂತ ನೋಡ್ತಾರೆ. ಅಲ್ಲಿ ಮೆ ಬೋಯ್, ಇಲ್ಲಾಂದ್ರೆ ಬರೀ ಆಸ್ತ ಲ್ವೇಗೊ ('ಆಮೇಲೆ ಸಿಗೋಣ'). ಯಾರಾದ್ರೂ ಕರೆದಾಗ 'ಬಂದೆ!' ಅನ್ನೋದೂ ಅಷ್ಟೇ: ಯಾ ಬೋಯ್. 'ನಿಮ್ಮ ಆಫೀಸಿಗೆ ನಾಳೆ ಬರ್ತೀನಿ' ಅನ್ನೋದಕ್ಕೆ ಬೋಯ್ ಅ ಸು ಒಫಿಸೀನ ಮಞಾನ. ಬೇಂಗೊ ಅನ್ನೋದು ಮಾತಾಡೋನು ಈಗ ನಿಂತಿರೋ ಜಾಗಕ್ಕೆ ಮಾತ್ರ. ಕೇಳೋನು ಎಲ್ಲಿದ್ದಾನೆ ಅನ್ನೋದು ಲೆಕ್ಕಕ್ಕಿಲ್ಲ.

ಮಾಡು. ಊಟ ಮಾಡು, ಸ್ನಾನ ಮಾಡು, ಫೋನ್ ಮಾಡು, ಕೆಲಸ ಮಾಡು ಅಂತ ಎಲ್ಲಕ್ಕೂ ಅಸೇರ್ ಹಚ್ಚಿದ್ರೆ ಕೆಟ್ಟಿತು. ಕೊಮೇರ್, ದುಚಾರ್ಸೆ, ಯಮಾರ್, ತ್ರಬಹಾರ್ ಅಂತ ಬೇರೆ ಬೇರೆ ಪದವೇ ಇವೆ. ಆದ್ರೆ ಹವಾಮಾನಕ್ಕೆ ಅಸೇರ್: 'ಸೆಖೆ ಇದೆ' ಅಂದ್ರೆ ಆಸೆ ಕಲೋರ್.

ಬೇಕು. 'ನೀರು ಬೇಕು' ಅಂದ್ರೆ ಕ್ಯೇರೊ ಆಗ್ವ. ಅದಿಲ್ಲದೆ ಆಗಲ್ಲ ಅನ್ನೋದು ನೆಸೆಸೀತೊ. 'ಹೋಗಬೇಕು' ಕಡ್ಡಾಯ ಆದ್ರೆ ತೇಂಗೊ ಕೆ. ಇದನ್ನ ಇಲ್ಲ ಅಂತ ತಿರುಗಿಸಿದಾಗ ಹುಷಾರು: ನೋ ತೇಂಗೊ ಕೆ ಸಲೀರ್ ಅಂದ್ರೆ 'ಹೊರಡಬೇಕಾಗಿಲ್ಲ', 'ಹೊರಡಬಾರದು' ಅಲ್ಲ. 'ಬಾರದು' ಅನ್ನೋದಕ್ಕೆ ನೋ ದೇಬೊ ಸಲೀರ್.

ಬರುತ್ತೆ. 'ನನಗೆ ಕಾರು ಓಡಿಸೋಕೆ ಬರುತ್ತೆ' ಅನ್ನೋದು ಸೇ ಮನೆಹಾರ್, ಅಂದ್ರೆ ಗೊತ್ತು. ಪ್ವೇದೊ ಮನೆಹಾರ್ ಅಂದ್ರೆ ಈಗ ಓಡಿಸೋಕೆ ಅಡ್ಡಿ ಇಲ್ಲ ಅಂತ. ಇಂಗ್ಲಿಷ್ ಈ ಎರಡನ್ನ ಕಲಸಿಬಿಡುತ್ತೆ, ಕನ್ನಡ ಬೇರೆ ಬೇರೆ ಇಟ್ಟಿದೆ. ಹಾಗಾಗಿ ಇದೊಂದು ಕನ್ನಡದ ಪರವಾಗಿ ಬರ್ಕೊಳ್ಳಿ.

ಕೆಂಗೇರಿ_ಕಡೆಯವರು

'ನನಗೆ' ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. 'ನನಗೆ ಕಾಫಿ ಇಷ್ಟ': ಮೆ ಗೂಸ್ತ ಎಲ್ ಕಫೇ. ಇಂಗ್ಲಿಷ್ ದಾರಿಯಲ್ಲಿ ಬಂದವರಿಗೆ ಇದು ತಲೆಕೆಳಗಾಗಿ ಕಾಣುತ್ತೆ, 'ಯೋ ಗೂಸ್ತೊ' ಅಂತ ತಪ್ಪು ಮಾಡ್ತಾರೆ. ಕನ್ನಡದವರಿಗೆ ನೇರ: ಮೆ ಅಂದ್ರೆ ನನಗೆ, ಲೆ ಅಂದ್ರೆ ಅವನಿಗೆ ಅಥವಾ ನಿಮಗೆ, ನೊಸ್ ಅಂದ್ರೆ ನಮಗೆ. ಇಷ್ಟವಾಗೋ ವಸ್ತು ಹಲವು ಆದ್ರೆ ಗೂಸ್ತನ್: ಮೆ ಗೂಸ್ತನ್ ಲೊಸ್ ಮಾಂಗೊಸ್. 'ತಲೆ ನೋಯ್ತಿದೆ' ಕೂಡ ಅದೇ ಅಚ್ಚು, ಮೆ ದ್ವೇಲೆ ಲ ಕಬೇಸ. 'ನನ್ನ ತಲೆ' ಅಂತ ಹೇಳಲ್ಲ, ಬರೀ 'ತಲೆ'. ನಾವೂ ಹಾಗೇ ತಾನೇ?

ಆದ್ರೆ ಹಸಿವು, ಬಾಯಾರಿಕೆ, ನಿದ್ದೆ, ಚಳಿ, ಅವಸರ, ವಯಸ್ಸು, ಇವಕ್ಕೆ ಮೆ ಬೇಡ. ಎಲ್ಲಾ ತೇಂಗೊ: ತೇಂಗೊ ಆಂಬ್ರೆ, ತೇಂಗೊ ಸೇದ್, ತೇಂಗೊ ಸ್ವೇಞೊ, ತೇಂಗೊ ಫ್ರೀಯೊ, ತೇಂಗೊ ಪ್ರೀಸ, ತೇಂಗೊ ಕ್ವರೇಂತ ಆಞೊಸ್. ಸೆಖೆಗೆ ತೇಂಗೊ ಕಲೋರ್ ಅನ್ನಿ. ಎಸ್ತೋಯ್ ಕಲ್ಯೇಂತೆ ಅಂದ್ರೆ ನಾಲ್ಕು ಜನರೆದುರು ಹೇಳಬಾರದ ಅರ್ಥ ಬರುತ್ತೆ. ಆಞೊಸ್‌ನ ಞ ಕೂಡ ಗಟ್ಟಿಯಾಗಿರಲಿ. ಅದು ಬರೀ ನ ಆದ್ರೆ ವಯಸ್ಸಿನ ಮಾತು ಶರೀರದ ಹಿಂಭಾಗಕ್ಕೆ ಹೋಗುತ್ತೆ.

ಇನ್ನೊಂದು ಸುಲಭದ ಲಾಭ 'ಕೊಳ್ಳು'. ಕೈ ತೊಳೆದುಕೊಳ್ತೀನಿ: ಮೆ ಲಾಬೊ ಲಸ್ ಮಾನೊಸ್. ಕೂತುಕೊಳ್ತೀನಿ: ಮೆ ಸ್ಯೇಂತೊ. ಮಲಗಿಕೊಳ್ತೀನಿ: ಮೆ ಅಕ್ವೇಸ್ತೊ. ಪಾತ್ರೆ ತೊಳೀತೀನಿ ಅಂದ್ರೆ ಬರೀ ಲಾಬೊ, ಮೆ ಇಲ್ಲ. ಎಲ್ಲಾ ಕಡೆ ಹೊಂದಲ್ಲ. 'ಏಳ್ತೀನಿ' ಅನ್ನೋದಕ್ಕೆ ನಮ್ಮಲ್ಲಿ ಕೊಳ್ಳು ಇಲ್ಲ, ಅವರಲ್ಲಿ ಮೆ ಲೆಬಾಂತೊ. ಆದ್ರೂ ಸಂಶಯ ಬಂದಾಗ ಹತ್ತಿರದ ಊಹೆ.

ವ್ಯಕ್ತಿಗಳ ಮುಂದೆ ಬರೋ 'ಅ' ಕೂಡ ನಮಗೆ ಹೊಸದಲ್ಲ. 'ಸಿನಿಮಾ ನೋಡಿದೆ' ಅಂತೀವಿ, 'ಅನ್ನು' ಪ್ರತ್ಯಯ ಇಲ್ಲ. 'ಅಮ್ಮನ್ನ ನೋಡಿದೆ' ಅನ್ನೋವಾಗ ಬಿಡೋಕಾಗಲ್ಲ. ಬೀ ಲ ಪೆಲೀಕುಲ, ಬೀ ಅ ಮಿ ಮಾದ್ರೆ. ಅದೇ ಭೇದ.

ಬಸವನಗುಡಿ_ಬೆಂಚು

ಮರ್ಯಾದೆ ರೂಪದ ಬಗ್ಗೆ. ತೂ ಅಂದ್ರೆ ನೀನು, ಉಸ್ತೇದ್ ಅಂದ್ರೆ ನೀವು. ಆದ್ರೆ ನಮ್ಮ 'ನೀವು' ಬಹುವಚನದ ಕ್ರಿಯಾಪದ ತಗೊಳ್ಳುತ್ತೆ, ಉಸ್ತೇದ್ 'ಅವನು' ರೂಪ ತಗೊಳ್ಳುತ್ತೆ: ಉಸ್ತೇದ್ ತ್ಯೇನೆ. 'ಉಸ್ತೇದ್ ತ್ಯೇನೆಸ್', 'ಉಸ್ತೇದ್ ತ್ಯೇನೆನ್' ಎರಡೂ ತಪ್ಪು. ತ್ಯೇನೆ ಅಂದಾಗ ಅವನೋ ನೀವೋ ಅಂತ ಗೊಂದಲ ಆಗೋ ಹಾಗಿದ್ರೆ ಉಸ್ತೇದ್ ಹೇಳಿಬಿಡಿ, ಇಲ್ಲಿ ಸರ್ವನಾಮ ದಂಡ ಅಲ್ಲ.

ಗ್ರಾಹಕರ ಜೊತೆ ಉಸ್ತೇದ್‌ನಿಂದಲೇ ಶುರು ಮಾಡಿ, ಅವರು ತೂ ಅಂದ ಮೇಲೆ ಬದಲಿಸಿ. ಕೊಲಂಬಿಯಾದ ಹಲವು ಕಡೆ ಮನೆಯವರ ಜೊತೆಗೂ ಉಸ್ತೇದ್ ಅಂತಾರೆ, ಗಾಬರಿಯಾಗಬೇಡಿ. ಸ್ಪೇನಿನವರು ಬೇಗ ತೂಗೆ ಇಳೀತಾರೆ. ಅರ್ಜೆಂಟೀನಾದಲ್ಲಿ ತೂ ಬದಲು ಬೋಸ್, ಕ್ರಿಯಾಪದವೂ ಬೇರೆ: ಬೋಸ್ ತೆನೇಸ್. ಕೇಳಿದಾಗ ಗುರುತು ಸಿಕ್ಕರೆ ಸಾಕು.

ಆಜ್ಞಾರೂಪ ಈಗ ಬೇಡ, ಅನಿಯಮಿತಗಳು ಜಾಸ್ತಿ. ಬದಲಿಗೆ ಪ್ವೇದೆ ಹಚ್ಚಿ: ಪ್ವೇದೆ ರೆಪೆತೀರ್, ಪೊರ್ ಫಬೋರ್? ('ದಯವಿಟ್ಟು ಇನ್ನೊಮ್ಮೆ ಹೇಳ್ತೀರಾ?') ಪ್ವೇದೆ ಅಬ್ಲಾರ್ ಮಾಸ್ ದೆಸ್ಪಾಸ್ಯೊ? ('ಇನ್ನೂ ನಿಧಾನವಾಗಿ ಮಾತಾಡ್ತೀರಾ?') ಈ ಎರಡು ಮತ್ತು ಕೋಮೊ ಸೆ ದೀಸೆ ('ಇದಕ್ಕೆ ಏನಂತಾರೆ?'), ನೋ ಎಂತ್ಯೇಂದೊ ('ಅರ್ಥವಾಗಲಿಲ್ಲ'), ಈ ನಾಲ್ಕು ನಿದ್ದೆಯಲ್ಲೂ ಬರಬೇಕು. ಫೋನ್ ಎತ್ತಿದಾಗ ನಾವು 'ಹೇಳಿ' ಅಂತೀವಲ್ಲ, ಸ್ಪೇನ್‌ನಲ್ಲೂ ಅದನ್ನೇ ಅಂತಾರೆ: ದೀಗ. ಮೆಕ್ಸಿಕೊದಲ್ಲಿ ಬ್ವೇನೊ, ಕೊಲಂಬಿಯಾದಲ್ಲಿ ಅಲೋ. ಇಲ್ಲಿ ರಾತ್ರಿ 8 ಆದಾಗ ಮೆಕ್ಸಿಕೊ ಸಿಟಿಯಲ್ಲಿ ಬೆಳಗ್ಗೆ 8.30, ಬೊಗೊತಾದಲ್ಲಿ 9.30. ನೀವು ಕಿಟಕಿ ನೋಡ್ಕೊಂಡು ಬ್ವೇನಸ್ ನೋಚೆಸ್ ಅನ್ನಬೇಡಿ, ಬ್ವೇನೊಸ್ ದೀಯಸ್.

ಹೋಟೆಲಿನಲ್ಲಿ 'ಒಂದು ಕಾಫಿ ಕೊಡಿ': ಮೆ ದಾ ಉನ್ ಕಫೇ? ಸ್ಪೇನ್‌ನಲ್ಲಿ 'ಇಡಿ' ಅಂತಾರೆ, ಮೆ ಪೋನೆ ಉನ್ ಕಫೇ? ಕೊಲಂಬಿಯಾದಲ್ಲಿ 'ಉಡುಗೊರೆ ಕೊಡಿ' ಅನ್ನೋ ಕ್ರಿಯಾಪದ, ಮೆ ರೆಗಾಲ ಉನ್ ತೀಂತೊ? ದುಡ್ಡು ಕೊಡಲೇಬೇಕು. ಅಲ್ಲಿ ತೀಂತೊ ಅಂದ್ರೆ ಹಾಲಿಲ್ಲದ ಕಾಫಿ, ಸ್ಪೇನ್‌ನಲ್ಲಿ ಕೆಂಪು ವೈನ್. ಹಾಗೇ 'ತಗೊಳ್ಳು' ಅನ್ನೋಕೆ ಎಲ್ಲಾ ಕಡೆ ತೊಮಾರ್ ಬಳಸಿ. ಸ್ಪೇನಿನ ಪಠ್ಯಗಳಲ್ಲಿ ಬರೋ ಕೊಹೇರ್ ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಹೊಲಸು ಮಾತು.

ಕೆಂಗೇರಿ_ಕಡೆಯವರು

ಸ್ಪೇನಿನ ಉಚ್ಚಾರವನ್ನ ಪೂರ್ತಿ ಬಿಡಬೇಡಿ. ಸ್ಪೇನ್ ಮೂಲದ ವಿಸೆಂತೆ ಫೆರೆರ್ 1969ರಲ್ಲಿ ಅನಂತಪುರದಲ್ಲಿ ಶುರುಮಾಡಿದ ಗ್ರಾಮೀಣ ಸೇವಾ ಸಂಸ್ಥೆಯಿಂದಾಗಿ ಸ್ಪೇನಿನವರು ಈ ಕಡೆ ಬರ್ತಾರೆ, ಹತ್ತಿರದ ದೊಡ್ಡ ವಿಮಾನ ನಿಲ್ದಾಣ ನಮ್ಮದೇ. ಸ್ಪೇನಿನ ಹೆಚ್ಚಿನವರ ಬಾಯಲ್ಲಿ ಅಸೇರ್ ನಾಲಿಗೆ ತುದಿ ಹಲ್ಲಿನ ನಡುವೆ ಬಂದು 'ಅಥೇರ್' ಥರ ಕೇಳುತ್ತೆ. ಪದ ಅದೇ. ನೀವು ಸ ಅಂದ್ರೂ ಅವರಿಗೆ ತಿಳಿಯುತ್ತೆ.

ವಿಜಯನಗರ_ವ್ಯಾಕರಣ

ಭೂತಕಾಲ ಉಳಿದಿತ್ತು. ಮುಂದೂಡಬೇಡಿ, ಕೆಲಸದ ಮಾತಲ್ಲಿ ಅರ್ಧ 'ಕಳಿಸಿದೆ, ಮಾಡಿದೆ, ನೋಡಿದೆ' ತಾನೇ. ಕನ್ನಡದಲ್ಲಿ ನಾಲ್ಕೂ ಬಣ್ಣ ಇವೆ.

ತಿಂದೆ: ಕೊಮೀ.
ತಿಂತಿದ್ದೆ: ಕೊಮೀಯ.
ತಿಂದಿದ್ದೀನಿ: ಎ ಕೊಮೀದೊ.
ತಿಂದಿದ್ದೆ: ಅಬೀಯ ಕೊಮೀದೊ.

ಕೊಮೀ, ಕೊಮೀಯ ನಡುವಿನ ಭೇದ ಕಲಿಸೋಕೆ ಪಠ್ಯಪುಸ್ತಕಗಳು ಪುಟಗಟ್ಟಲೆ ಬರೀತವೆ, ಕನ್ನಡದವರಿಗೆ ಅದು 'ದೆ' ಮತ್ತು 'ತಿದ್ದೆ' ಅಷ್ಟೇ. 'ನಾನು ಊಟ ಮಾಡ್ತಿದ್ದೆ, ಫೋನ್ ಬಂತು' ಅನ್ನೋದ್ರಲ್ಲಿ ಯಾವುದು ಯಾವುದು ಅಂತ ಯಾರೂ ಯೋಚಿಸಲ್ಲ. 'ತಿದ್ದೆ' ಕಾಲದಲ್ಲಿ ಅನಿಯಮಿತ ಕ್ರಿಯಾಪದ ಇರೋದೇ ಮೂರು: ಸೇರ್ (ಏರ), ಈರ್ (ಈಬ), ಬೇರ್ (ಬೆಯೀಯ). 'ದೆ' ಕಾಲದಲ್ಲಿ ಬಹಳ, ಮೊದಲಿಗೆ ನಾಲ್ಕು ಸಾಕು: ಫ್ವೀ (ಹೋದೆ), ಈಸೆ (ಮಾಡಿದೆ), ತೂಬೆ (ನನ್ನ ಹತ್ರ ಇತ್ತು), ದೀಹೆ (ಹೇಳಿದೆ). ಫ್ವೀ 'ಆಗಿದ್ದೆ' ಅನ್ನೋದಕ್ಕೂ ಬರುತ್ತೆ, ಸೇರ್ ಮತ್ತು ಈರ್ ಈ ಕಾಲದಲ್ಲಿ ಒಂದೇ ರೂಪ. ಪಕ್ಕದ ಪದ ನೋಡಿ ತಿಳ್ಕೊಳ್ಳಬೇಕು.

ಕನ್ನಡ ಕೈ ಕೊಡೋದು ಇಲ್ಲಿ: 'ನಿನ್ನೆನೇ ಕಳಿಸಿದ್ದೀನಿ' ಅಂತ ನಾವು ಆರಾಮಾಗಿ ಹೇಳ್ತೀವಿ. ಸ್ಪ್ಯಾನಿಷ್‌ನಲ್ಲಿ ಅಯೇರ್ (ನಿನ್ನೆ) ಇದ್ರೆ ಎ ಮಂದಾದೊ ಕೂಡದು, ಮಂದೇ ಅನ್ನಲೇಬೇಕು. ಮೆಕ್ಸಿಕೊ, ಕೊಲಂಬಿಯಾದಲ್ಲಿ 'ಆಗಲೇ ಕಳಿಸಿದ್ದೀನಿ' ಅನ್ನೋದಕ್ಕೂ ಯಾ ಲೊ ಮಂದೇ ಅಂತಲೇ ಸಾಮಾನ್ಯ. ನಿಮಗೆ ಸದ್ಯಕ್ಕೆ 'ದೆ' ರೂಪ ಒಂದೇ ಸಾಕು ಅಂತ ಇದರರ್ಥ.

ಇನ್ನು 'ತಾ ಇದೀನಿ'. ಈಗ ಕೈಯಲ್ಲಿ ನಡೀತಿರೋದಕ್ಕೆ ಮಾತ್ರ ಎಸ್ತೋಯ್ ಹಚ್ಚಿ. 'ನಾಳೆ ಬರ್ತಿದ್ದೀನಿ' ಅನ್ನೋದನ್ನ ಎಸ್ತೋಯ್ ಬಿನ್ಯೇಂದೊ ಮಞಾನ ಅನ್ನೋ ಹಾಗಿಲ್ಲ, ಬೋಯ್ ಮಞಾನ. 'ಎರಡು ವರ್ಷದಿಂದ ಕೆಲಸ ಮಾಡ್ತಿದ್ದೀನಿ' ಅನ್ನೋಕೆ ಸೊಗಸಾದ ಅಚ್ಚು: ಯೇಬೊ ದೋಸ್ ಆಞೊಸ್ ತ್ರಬಹಾಂದೊ.

ಸಂಜೆ_ಪಾಳಿ

ಐದು ವಾಕ್ಯ ಹಾಕ್ತಿದ್ದೀನಿ, ತಿದ್ದಿ.
1. ಉಸ್ತೇದ್ ಪ್ವೇದೆಸ್ ರೆಪೆತೀರ್?
2. ಎಸ್ತೋಯ್ ತೆನ್ಯೇಂದೊ ಉನ ಪ್ರೆಗೂಂತ.
3. ಕ್ಯೇರೊ ಪ್ರೆಗುಂತಾರ್ ಮಾಸ್ ತ್ಯೇಂಪೊ.
4. ಯೋ ಮಂದೇ ಎಲ್ ಅರ್ಚೀಬೊ ಅಯೇರ್.
5. ಲ ತ್ಯೇಂದ ಏಸ್ ಸೆರ್ರಾದ.

ಎಚ್ಎಸ್ಆರ್_ಗೂಬೆ

1. ಉಸ್ತೇದ್ ಬಂದ ಮೇಲೆ ಸ್ ಬಾಲ ಹೋಗಬೇಕು: ಪ್ವೇದೆ. 2. 'ಒಂದು ಪ್ರಶ್ನೆ ಇದೆ' ಅನ್ನೋದು ನಡೀತಿರೋ ಕೆಲಸ ಅಲ್ಲ: ತೇಂಗೊ ಉನ ಪ್ರೆಗೂಂತ. 3. ಸಮಯವನ್ನ ಪ್ರಶ್ನೆ ಮಾಡ್ತಿಲ್ಲ, ಬೇಡ್ತಿದ್ದೀರಿ: ಪೆದೀರ್. 4. ಕ್ರಿಯಾಪದ ಸರಿ, ಯೋ ತೆಗೀರಿ. 'ಅವರಲ್ಲ, ನಾನೇ ಕಳಿಸಿದ್ದು' ಅಂತ ಜಗಳಕ್ಕಿದ್ರೆ ಇಟ್ಕೊಳ್ಳಿ. 5. ಮುಚ್ಚಿ'ದೆ', ಬಾಲದಲ್ಲಿ 'ಇದೆ' ಕೂತಿದೆ ನೋಡಿ: ಎಸ್ತಾ ಸೆರ್ರಾದ. ಐದನ್ನೂ ತಿದ್ದಿದ ರೂಪದಲ್ಲಿ ಗಟ್ಟಿಯಾಗಿ ಹೇಳಿ ರೆಕಾರ್ಡ್ ಮಾಡಿ, ನಾಳೆ ಇನ್ನೈದು ಹಾಕಿ.